ಸ್ನಾತಕೋತ್ತರ ಪ್ರಬಂಧದಲ್ಲಿ ಸ್ವೋಪಜ್ಞತೆಯ ಅಳತೆ: ಬೆಂಗಳೂರಿನ ಹೊರವಲಯದ ಕೆಲವು ನಿದರ್ಶನಗಳು

ಎಂ.ಎ. ಪದವಿಗಾಗಿ ಸಲ್ಲಿಸುವ ಪ್ರಬಂಧದಲ್ಲಿ ವಿದ್ಯಾರ್ಥಿಯ ಸ್ವಂತ ಸಂಶೋಧನೆ ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆ ನಮ್ಮ ಇತಿಹಾಸ ವಿಭಾಗಗಳಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಏಳುತ್ತದೆ. ವಿದ್ಯಾರ್ಥಿಗಳು ಪುಟಗಳ ಲೆಕ್ಕವನ್ನು ಕೇಳುತ್ತಾರೆ. ಮಾರ್ಗದರ್ಶಕರು ಯಾರೂ ಮುಟ್ಟದ ವಿಷಯವನ್ನು ಹುಡುಕಿ ತರುವಂತೆ ಹೇಳುತ್ತಾರೆ. ಪರೀಕ್ಷಕರಲ್ಲಿ ಕೆಲವರು ಆಧಾರಗ್ರಂಥಗಳ ಪಟ್ಟಿ ಎಷ್ಟು ಉದ್ದವಾಗಿದೆಯೆಂಬುದನ್ನು ಮೊದಲು ನೋಡುತ್ತಾರೆ. ಈ ಮೂರೂ ಬಳಕೆಗೆ ಸುಲಭವಾದ ಅಳತೆಗಳು. ಆದರೆ ಅಳೆಯಬೇಕಾದ ವಸ್ತುವನ್ನು ಇವುಗಳಲ್ಲಿ ಯಾವುದೂ ಅಳೆಯುವುದಿಲ್ಲ.

ಈಚೆಗೆ ನಾಲ್ಕನೆಯ ಅಳತೆಯೊಂದು ಬಂದು ಸೇರಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಪ್ರಬಂಧವೊಂದು ಬೇರೆ ಬರಹಗಳಿಗೆ ಶೇಕಡ 10ರವರೆಗೆ ಹೋಲಿದರೆ ದಂಡನೆಯಿಲ್ಲ. ಶೇಕಡ 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಕೃತಿಚೌರ್ಯವನ್ನು ತಡೆಯಲು ಇಂಥದೊಂದು ನಿಯಮ ಅಗತ್ಯವೇ. ಆದರೆ ಇದರಿಂದ ಒಂದು ವಿಚಿತ್ರ ಭ್ರಮೆ ಹುಟ್ಟಿಕೊಂಡಿದೆ: ಹೋಲಿಕೆಯ ಅಂಕಿ ಕಡಮೆಯಾದಷ್ಟೂ ಸ್ವೋಪಜ್ಞತೆ ಹೆಚ್ಚೆಂದು ವಿದ್ಯಾರ್ಥಿಗಳು ತಿಳಿಯತೊಡಗಿದ್ದಾರೆ. ಬಿ.ಎಲ್. ರೈಸರ ಗ್ಯಾಸೆಟಿಯರಿನ ಒಂದು ಅಧ್ಯಾಯವನ್ನು ಪದಪದವಾಗಿ ಬದಲಾಯಿಸಿ ಕನ್ನಡದಲ್ಲಿ ಬರೆದರೆ ಯಂತ್ರವು ಹೋಲಿಕೆ ಸೊನ್ನೆಯೆಂದು ತೋರಿಸೀತು. ಅದರಲ್ಲಿ ಸಂಶೋಧನೆಯೂ ಸೊನ್ನೆಯೇ. ಶಾಸನಪಾಠಗಳನ್ನು ಪ್ರಾಮಾಣಿಕವಾಗಿ ಉದ್ಧರಿಸಿ, ಅವುಗಳಲ್ಲಿ ಒಂದು ಸಾಲಿನ ಓದನ್ನು ತಿದ್ದಿದ ಪ್ರಬಂಧಕ್ಕೆ ಅಂಕಿ ಏರುತ್ತದೆ. ಯಂತ್ರ ಮಾತುಗಳನ್ನು ಎಣಿಸಬಲ್ಲುದು, ಅರಿವನ್ನಲ್ಲ.

ಈ ಪ್ರಶ್ನೆಗೆ ಇಂದು ಹೊಸ ತೂಕವೂ ಬಂದಿದೆ. ಹಿಂದೆ ಎಂ.ಎ. ಮತ್ತು ಪಿಎಚ್.ಡಿ.ಗಳ ನಡುವೆ ಎಂ.ಫಿಲ್. ಎಂಬ ಮೆಟ್ಟಿಲಿತ್ತು. ಆಯೋಗದ 2022ರ ನಿಯಮಗಳು ಅದನ್ನು ತೆಗೆದುಹಾಕಿದುವು. ಸಂಶೋಧನೆಯ ಕೈಕೆಲಸವನ್ನು ಕಲಿಯಲು ಹೆಚ್ಚಿನ ವಿದ್ಯಾರ್ಥಿಗಳಿಗೆ ಈಗ ಉಳಿದಿರುವುದು ಎಂ.ಎ. ಪ್ರಬಂಧವೊಂದೇ. ಅದನ್ನು ಸಂಗ್ರಹಗ್ರಂಥದ ಕಿರುರೂಪವಾಗಿ ಬಿಟ್ಟರೆ, ಪಿಎಚ್.ಡಿ.ಗೆ ಸೇರಿದ ದಿನ ವಿದ್ಯಾರ್ಥಿ ಮೂಲದಾಖಲೆಯನ್ನು ಮೊದಲ ಸಲ ಕಾಣುತ್ತಾನೆ. ಅಷ್ಟು ತಡವಾಗಿ ಕಂಡವನಿಗೆ ಅದು ಒಲಿಯುವುದು ಕಷ್ಟ.

ಈ ಪದವಿಯ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡೋಣ. ಮಧ್ಯಯುಗದ ಯೂರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ‘ಮಾಸ್ಟರ್’ ಎಂದರೆ ಪಾಠ ಹೇಳುವ ಅಧಿಕಾರ ಪಡೆದವನು, ಹೊಸದನ್ನು ಕಂಡುಹಿಡಿದವನಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಬಿ.ಎ. ಆದವರು ಕೆಲವು ವರ್ಷ ಕಳೆದ ಮೇಲೆ ಬೇರೆ ಪರೀಕ್ಷೆಯಿಲ್ಲದೆ ಎಂ.ಎ. ಎನಿಸಿಕೊಳ್ಳುವ ಪದ್ಧತಿ ಇಂದಿಗೂ ಇದೆ. ನಮ್ಮಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದಾಗ ಎಂ.ಎ. ಮುಖ್ಯವಾಗಿ ಪ್ರಶ್ನಪತ್ರಿಕೆಗಳ ಪದವಿಯಾಗಿತ್ತು. ಕಲಿತದ್ದನ್ನು ಒಪ್ಪಿಸುವ ಪರೀಕ್ಷೆಯ ಪಕ್ಕದಲ್ಲಿ, ತಾನೇ ಕಂಡದ್ದನ್ನು ಒಪ್ಪಿಸುವ ಪ್ರಬಂಧ ಬಂದು ಕುಳಿತಿದೆ. ಎರಡಕ್ಕೂ ಒಂದೇ ತಕ್ಕಡಿಯನ್ನು ಬಳಸುವುದರಿಂದಲೇ ನಮ್ಮ ಗೊಂದಲದ ಬಹುಭಾಗ ಹುಟ್ಟಿದೆ.

ಆದರೆ ಬೆಂಗಳೂರಿನಲ್ಲಿಯೇ, ಯಶವಂತಪುರದ ಹತ್ತಿರ, ಪೀಣ್ಯದ ಕಡೆಗೆ ಹೋಗುವ ರಸ್ತೆಗೆ ದೂರವಲ್ಲದ ಒಂದು ಸಂಸ್ಥೆಯಲ್ಲಿ ಮೊದಲಿನಿಂದಲೂ ಬೇರೆ ತಕ್ಕಡಿಯಿತ್ತು. ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪಿತವಾಯಿತು. 1958ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಸ್ಥಾನ ದೊರೆಯುವವರೆಗೆ ಅದು ತಾನಾಗಿ ಎಂ.ಎಸ್‌ಸಿ., ಪಿಎಚ್.ಡಿ. ಪದವಿಗಳನ್ನು ಕೊಡುತ್ತಿರಲಿಲ್ಲ. ಅಲ್ಲಿ ಕೆಲಸಮಾಡಿದವರು ತಮ್ಮ ಸಂಶೋಧನೆಯನ್ನು ಮದರಾಸು, ಮುಂಬಯಿ ಮೊದಲಾದ ವಿಶ್ವವಿದ್ಯಾನಿಲಯಗಳಿಗೆ ಸಲ್ಲಿಸಬೇಕಾಗಿತ್ತು. ಕೆಲಸ ನಡೆದದ್ದು ಒಂದೆಡೆ, ಅದಕ್ಕೆ ಬೆಲೆ ಕಟ್ಟಿದ್ದು ಇನ್ನೊಂದೆಡೆ. ಈ ವ್ಯವಸ್ಥೆಯಿಂದಾಗಿ ಅಲ್ಲಿಯ ಕೆಲವು ಪ್ರಸಂಗಗಳು ನಮ್ಮ ಪ್ರಶ್ನೆಯ ಮೇಲೆ ವಿಶೇಷವಾದ ಬೆಳಕನ್ನು ಚೆಲ್ಲುತ್ತವೆ.

1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಕಮಲಾ ಭಾಗವತ್ ಎಂಬ ತರುಣಿ ಸಂಸ್ಥೆಗೆ ಅರ್ಜಿ ಹಾಕಿಕೊಂಡರು. ಆಗ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ನರು, ಅರ್ಜಿದಾರರು ಹೆಣ್ಣೆಂಬ ಕಾರಣದಿಂದ ನಿರಾಕರಿಸಿದರು. ಕಮಲಾ ಸುಮ್ಮನಾಗಲಿಲ್ಲ, ಬೆಂಗಳೂರಿಗೆ ಬಂದು ಎದುರು ನಿಂತು ಕಾರಣ ಕೇಳಿದರು. ಕಡೆಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು: ಮೊದಲ ವರ್ಷ ನಿಯತ ವಿದ್ಯಾರ್ಥಿನಿಯೆಂದು ಎಣಿಸುವುದಿಲ್ಲ, ಕೆಲಸದ ಗುಣ ನಿರ್ದೇಶಕರಿಗೆ ತೃಪ್ತಿಯಾದ ಮೇಲೆಯೇ ಮಾನ್ಯತೆ, ಮಾರ್ಗದರ್ಶಕರು ಬಯಸಿದರೆ ರಾತ್ರಿಯೂ ದುಡಿಯಬೇಕು, ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಬಾರದು. ಈ ಷರತ್ತುಗಳ ಅನ್ಯಾಯವನ್ನು ಅವರು ಜೀವನದ ಕೊನೆಯವರೆಗೂ ಮರೆಯಲಿಲ್ಲ. ಮರೆಯಬೇಕಾದ ಕಾರಣವೂ ಇರಲಿಲ್ಲ.

ಅವರ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯನವರು. ಆರಿಸಿಕೊಂಡ ವಸ್ತು ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳು. ಇಲ್ಲಿ ಓದುಗರು ಸ್ವಲ್ಪ ನಿಂತು ನೋಡಬೇಕು. ನಮ್ಮ ದೇಶದ ಪ್ರತಿಯೊಂದು ಮನೆಯ ಒಲೆಯ ಮೇಲೆ ದಿನಕ್ಕೆರಡು ಬಾರಿ ಬೇಯುವ ವಸ್ತುವದು. ‘ಯಾರೂ ಮುಟ್ಟದ ವಿಷಯ’ ಎಂದು ಯಾರೂ ಹೇಳಲಾರರು. ವಿಷಯ ಹಳೆಯದು, ಪ್ರಶ್ನೆ ಹೊಸದು. ಬಡವನ ಊಟದ ಮುಖ್ಯ ಆಧಾರವಾದ ಬೇಳೆಯ ಪೋಷಣಶಕ್ತಿಯನ್ನು ತಿಳಿಯಬೇಕಾದರೆ ಅದರಲ್ಲಿರುವ ಪ್ರೋಟೀನನ್ನು ಬೇರ್ಪಡಿಸಿ ನೋಡಬೇಕಾಗಿತ್ತು. ಆ ಕೆಲಸವನ್ನು ಅವರು ತಮ್ಮ ಕೈಯಿಂದ ಮಾಡಿದರು. ಒಂದು ವರ್ಷದ ಅನಂತರ ಮಾನ್ಯತೆ ದೊರೆಯಿತು. 1936ರಲ್ಲಿ ಆ ಸಂಶೋಧನೆಗೆ ಮುಂಬಯಿ ವಿಶ್ವವಿದ್ಯಾನಿಲಯವು ವಿಶಿಷ್ಟ ಶ್ರೇಣಿಯ ಎಂ.ಎಸ್‌ಸಿ. ಪದವಿಯನ್ನು ಕೊಟ್ಟಿತು. ಮುಂದೆ ಅವರು ಕೇಂಬ್ರಿಜ್‌ಗೆ ಹೋಗಿ, ಸಸ್ಯಗಳ ಜೀವಕೋಶಗಳಲ್ಲಿ ಸೈಟೋಕ್ರೋಮ್-ಸಿ ಇದೆಯೆಂಬುದನ್ನು ಆಲೂಗೆಡ್ಡೆಯ ಮೇಲಿನ ಕೆಲಸದಿಂದ ತೋರಿಸಿದರು. ಅದಕ್ಕಾಗಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ಗಾತ್ರ 40 ಪುಟ. ಹಿಡಿದ ಕಾಲ ಸುಮಾರು 14 ತಿಂಗಳು. 1939ರಲ್ಲಿ ಪದವಿ ಬಂದಿತು. ಕಮಲಾ ಸೊಹೋನಿ ಎಂಬುದು ವಿವಾಹಾನಂತರದ ಹೆಸರು. ಮುನ್ನೂರು ಪುಟಕ್ಕೆ ಕಡಮೆಯಾದರೆ ಪ್ರಬಂಧವೇ ಅಲ್ಲವೆನ್ನುವ ನಮ್ಮ ಪರೀಕ್ಷಕರು ಆ 40 ಪುಟಗಳನ್ನು ಆಗಾಗ ನೆನೆಯುವುದು ಒಳ್ಳೆಯದು.

ಅದೇ ಸಂಸ್ಥೆಯಲ್ಲಿ ಕೆಲವೇ ವರ್ಷಗಳ ತರುವಾಯ ನಡೆದ ಎರಡನೆಯ ಪ್ರಸಂಗದ ಫಲ ಬೇರೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತ, ರಸಾಯನಶಾಸ್ತ್ರಗಳಲ್ಲಿ ಆನರ್ಸ್ ಪಡೆದ ಅನ್ನಾ ಮಣಿಯವರು 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ರಾಮನ್ನರ ಪ್ರಯೋಗಶಾಲೆಗೆ ಬಂದರು. ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಪರಿಶೀಲಿಸುವುದು ಅವರ ಕೆಲಸ. ಒಂದೊಂದು ರೋಹಿತಚಿತ್ರವನ್ನು ಪಡೆಯಲು ಛಾಯಾಫಲಕವನ್ನು ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕಿಗೊಡ್ಡಬೇಕಾಗಿದ್ದುದರಿಂದ ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. 1942ರಿಂದ 1945ರೊಳಗೆ ಅವರೊಬ್ಬರ ಹೆಸರಿನಲ್ಲಿಯೇ ಐದು ಲೇಖನಗಳು ಪ್ರಕಟವಾದುವು. 1945ರ ಆಗಸ್ಟಿನಲ್ಲಿ ಪಿಎಚ್.ಡಿ.ಗಾಗಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದಾಗ ವಿಶ್ವವಿದ್ಯಾನಿಲಯ ಅದನ್ನು ಒಪ್ಪಲಿಲ್ಲ. ಕಾರಣ ಸಂಶೋಧನೆಯ ಕೊರತೆಯಲ್ಲ. ಅವರ ಬಳಿ ಎಂ.ಎಸ್‌ಸಿ. ಪದವಿಯಿರಲಿಲ್ಲ. ಆ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಇತರ ಪ್ರಬಂಧಗಳ ಸಾಲಿನಲ್ಲಿಯೇ, ಅವುಗಳಂತೆಯೇ ರಟ್ಟು ಕಟ್ಟಿಸಿಕೊಂಡು ನಿಂತಿದೆ. ಅನ್ನಾ ಮಣಿಯವರು ಪದವಿಯ ಹಂಗಿಲ್ಲದೆ ಪವನವಿಜ್ಞಾನದಲ್ಲಿ ದೊಡ್ಡ ಹೆಸರಾದರು. ಅದು ಬೇರೆ ಕಥೆ.

ಈ ಎರಡು ಪ್ರಸಂಗಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಸ್ನಾತಕೋತ್ತರ ಪದವಿಗೆ ಎರಡು ಬೇರೆ ಬೇರೆ ಅರ್ಥಗಳಿದ್ದುವೆಂದು ಗೊತ್ತಾಗುತ್ತದೆ. ಮುಂಬಯಿಯವರಿಗೆ ಅದು ಮಾಡಿದ ಕೆಲಸಕ್ಕೆ ಹಾಕಿದ ಮುದ್ರೆ. ಮದರಾಸಿನವರಿಗೆ ಅದು ಹೊಸಲು. ದಾಟಿದವನು ಒಳಗೆ, ದಾಟದವನು ಎಷ್ಟೇ ಹೊತ್ತು ತಂದಿದ್ದರೂ ಹೊರಗೆ. ಮೊದಲನೆಯ ಅರ್ಥವನ್ನು ಹಿಡಿದರೆ ಮಾತ್ರ ‘ಎಷ್ಟು ಸಾಕು’ ಎಂಬ ಪ್ರಶ್ನೆಗೆ ಉತ್ತರ ಸಾಧ್ಯ. ಆ ಉತ್ತರವನ್ನು ಹೀಗೆ ಹೇಳಬಹುದು: ಎಲ್ಲೆಯುಳ್ಳ ಒಂದು ಪ್ರಶ್ನೆ, ಅದಕ್ಕೆ ವಿದ್ಯಾರ್ಥಿ ತಾನೇ ಮುಖತಃ ಕಂಡ ಆಧಾರ, ಆ ಆಧಾರದ ಬಳಿಗೆ ಇನ್ನೊಬ್ಬನು ಅದೇ ದಾರಿಯಲ್ಲಿ ನಡೆದು ಹೋಗಿ ಸರಿತಪ್ಪುಗಳನ್ನು ನೋಡುವಂಥ ನಿರೂಪಣೆ. ಇಷ್ಟಿದ್ದರೆ ಎಂ.ಎ.ಗೆ ಸಾಕು. ಸಿದ್ಧಾಂತದ ನಾವೀನ್ಯ, ವಿಷಯದ ವೈಶಾಲ್ಯ ಇವು ಪಿಎಚ್.ಡಿ.ಯ ಚಿಂತೆಗಳು.

ಪ್ರಯೋಗಶಾಲೆಯವರಿಗೆ ಇದು ಸುಲಭ, ಇತಿಹಾಸದವರಿಗೆ ಬೇಳೆಕಾಳಿನಂಥ ವಸ್ತು ಎಲ್ಲಿದೆ ಎಂದು ಕೇಳುವವರಿದ್ದಾರೆ. ಇದ್ದೇ ಇದೆ, ಅದೂ ಬೆಂಗಳೂರಿನ ಹೊರವಲಯದಲ್ಲಿ, ಕಾಲಿಗೆ ಎಡವುವಷ್ಟು.

ಬೇಗೂರಿನ ಉದಾಹರಣೆಯನ್ನು ನೋಡಿ. ಎಲೆಕ್ಟ್ರಾನಿಕ್ ಸಿಟಿಗೆ ಕೆಲವೇ ಮೈಲಿ ದೂರದ ಈ ಊರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಿರುಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವರು ಸತ್ತ ಸಂಗತಿಯನ್ನು ಅದು ಹೇಳುತ್ತದೆ. ರೈಸರ ಅನಂತರ ಮೈಸೂರು ಪುರಾತತ್ತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ಇದನ್ನು ಬೆಳಕಿಗೆ ತಂದರು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ ಅದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂತೆಂದೂ ಹೇಳುವ ಕಥೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನಿಗೆ ಸುಮಾರು 280 ವರ್ಷ ಮೊದಲೇ ಊರಿನ ಹೆಸರು ಕಲ್ಲಿನ ಮೇಲೆ ಕೊರೆದಿರುವಾಗ ಕಥೆಗೆ ನೆಲೆಯೆಲ್ಲಿ? ಕೆಲವೇ ಸಾಲುಗಳ ಓದು, ಲಿಪಿಯ ಕಾಲನಿರ್ಣಯ, ಒಂದು ಕಳೆಯುವ ಲೆಕ್ಕ—ಇಷ್ಟರಿಂದ ಶತಮಾನಗಳ ನಂಬಿಕೆಯೊಂದು ಸರಿದುಹೋಯಿತು. ಇದು ಎಂ.ಎ. ಪ್ರಬಂಧಕ್ಕೆ ಸಾಕಾಗುವಷ್ಟಲ್ಲ, ಮಿಗುವಷ್ಟು.

ಇಲ್ಲಿಯೇ ಒಂದು ಎಚ್ಚರಿಕೆಯೂ ಬೇಕು. ಆ ಶಾಸನವು ಹೆಸರು ಇತ್ತೆಂಬುದನ್ನು ಸ್ಥಾಪಿಸುತ್ತದೆ. ಹೆಸರಿನ ಅರ್ಥವನ್ನು ಹೇಳುವುದಿಲ್ಲ. ಗಂಗರ ‘ಬೆಂಗಾವಲು’ ಇದ್ದ ಊರಾದ್ದರಿಂದ ಬೆಂಗಳೂರಾಯಿತೆಂಬುದು ಒಂದು ಊಹೆ. ಬೆಂದ ಕಾಳಿನ ಕಥೆಯನ್ನು ಅಲ್ಲಗಳೆದ ಉತ್ಸಾಹದಲ್ಲಿಯೇ ಈ ಊಹೆಯನ್ನು ಶಾಸನಸಿದ್ಧವೆಂದು ಬರೆಯುವ ವಿದ್ಯಾರ್ಥಿ, ಎಡಗೈಯಿಂದ ಗಳಿಸಿದ್ದನ್ನು ಬಲಗೈಯಿಂದ ಕಳೆದುಕೊಳ್ಳುತ್ತಾನೆ. ಆಧಾರ ಎಲ್ಲಿಗೆ ನಿಲ್ಲುತ್ತದೆಯೋ ಅಲ್ಲಿಗೆ ವಾಕ್ಯವೂ ನಿಲ್ಲಬೇಕು.

ಬೇಗೂರಿನದೇ ಇನ್ನೊಂದು ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲಾಳುಗಳ ಯುದ್ಧದೃಶ್ಯವನ್ನು ಕಿಕ್ಕಿರಿದು ಕೆತ್ತಿರುವ ಆ ವೀರಗಲ್ಲನ್ನು ನಗರದ ಶಾಲಾಮಕ್ಕಳೂ ನೋಡಿದ್ದಾರೆ. ಗಂಗ ದೊರೆ ಎರೆಯಪ್ಪನು ಅಯ್ಯಪದೇವನ ನೆರವಿಗೆ ವೀರಮಹೇಂದ್ರನ ಮೇಲೆ ನಾಗತ್ತರನನ್ನು ಕಳುಹಿಸಿದ್ದು, ನಾಗತ್ತರನು ತುಂಬೆಪಾಡಿಯಲ್ಲಿ ಕಾದಿ ಮಡಿದದ್ದು, ಮೆಚ್ಚಿದ ದೊರೆ ಇರುಗನಿಗೆ ಬೆಂಪೂರು ಹನ್ನೆರಡು ಎಂಬ ನಾಡನ್ನು ಕಲ್ನಾಡಾಗಿ ಕೊಟ್ಟದ್ದು ಅದರ ವಿಷಯ. ಬೆಂಪೂರೆಂದರೆ ಬೇಗೂರು. ಪಾಠ 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ಣಾಟಿಕದ 9ನೆಯ ಸಂಪುಟದಲ್ಲಿ ದೊರೆಯುತ್ತದೆ. ಅದನ್ನು ಉದ್ಧರಿಸಿದ ಪ್ರಬಂಧಗಳು ಬೇಕಾದಷ್ಟಿವೆ. ಗಂಗ–ನೊಳಂಬ ಸಂಬಂಧಗಳನ್ನು ಕುರಿತ ಪ್ರತಿಯೊಂದು ಅಧ್ಯಾಯದಲ್ಲಿಯೂ ಅದು ಬಂದೇ ಬರುತ್ತದೆ. ಹಾಗಾದರೆ ಅಲ್ಲಿ ಎಂ.ಎ. ವಿದ್ಯಾರ್ಥಿಗೆ ಉಳಿದಿರುವುದೇನು?

ಕೊಟ್ಟ ಊರುಗಳ ಪಟ್ಟಿ ಉಳಿದಿದೆ. ಶಾಸನದ ಕೊನೆಯಲ್ಲಿ ಬರುವ ಆ ಪಟ್ಟಿಯನ್ನು ರಾಜಕೀಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ದಾಟಿ ಮುಂದೆ ಹೋಗುತ್ತಾರೆ. ಅದರಲ್ಲಿ ತೋವಗೂರು, ಇಗ್ಗಲೂರು, ಎಲ್ಕುಂಟೆ, ಕೂಡಲೆ ಮುಂತಾದ ಹೆಸರುಗಳಿವೆ. ಇಂದಿನ ಎಲೆಕ್ಟ್ರಾನಿಕ್ ಸಿಟಿಯು, 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ನೇತೃತ್ವದಲ್ಲಿ 1978ರ ವೇಳೆಗೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ರೂಪಿಸಿದ ಕೈಗಾರಿಕಾ ನಗರ. ತೋಗೂರು ಹತ್ತನೆಯ ಶತಮಾನದ ತೋವಗೂರೇ? ಹೊಸೂರು ರಸ್ತೆಯ ಬದಿಯ ಕೂಡ್ಲು ‘ಕೂಡಲೆ’ಯೇ? ಹೆಸರಿನ ಹೋಲಿಕೆಯೊಂದರಿಂದ ಹೌದೆನ್ನಲಾಗದು. ಗ್ರಾಮನಕ್ಷೆಗಳಲ್ಲಿ ಬೇಚಿರಾಕ್ ಗ್ರಾಮಗಳನ್ನೂ ಸೇರಿಸಿ ಹುಡುಕಬೇಕು. ನಡುಗಾಲದ ಶಾಸನಗಳಲ್ಲಿ ಆ ಹೆಸರು ಯಾವ ರೂಪಗಳನ್ನು ತಾಳಿತೆಂಬುದನ್ನು ಪತ್ತೆಹಚ್ಚಬೇಕು. ಗುರುತಿಸಿದ ಊರುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದು ನಾಡಿನ ಆಕಾರವನ್ನು ತಾಳುತ್ತವೆಯೇ ಎಂಬುದನ್ನು ಭೂಪಟದ ಮೇಲೆ ಗುರುತು ಹಾಕಿ ನೋಡಬೇಕು. ಹನ್ನೆರಡರಲ್ಲಿ ಏಳನ್ನು ಖಚಿತವಾಗಿ, ಎರಡನ್ನು ಸಂಭಾವ್ಯವಾಗಿ ಗುರುತಿಸಿ, ಉಳಿದುವು ಕಾಣಲಿಲ್ಲವೆಂದು ಬರೆದ ಅರವತ್ತು ಪುಟದ ಪ್ರಬಂಧವೊಂದು ಬಂದರೆ, ‘ಗಂಗರ ಸಾಂಸ್ಕೃತಿಕ ಇತಿಹಾಸ’ವೆಂಬ ಮುನ್ನೂರು ಪುಟಕ್ಕಿಂತ ಅದನ್ನು ನಾವು ಮೇಲಾಗಿ ಎಣಿಸಬೇಕು. ‘ಕಾಣಲಿಲ್ಲ’ ಎಂಬ ಮಾತಿಗೂ ಅಂಕಗಳಿರಬೇಕು. ಎಲ್ಲೆಲ್ಲಿ ಹುಡುಕಿದೆನೆಂದು ವಿದ್ಯಾರ್ಥಿ ಹೇಳಿದ್ದರೆ.

ವೈಟ್‌ಫೀಲ್ಡಿನ ಕಡೆ ಬಂದರೆ ಕಾಡುಗೋಡಿಯಲ್ಲಿ 1043ರ ಒಂದು ತಮಿಳು ಶಾಸನವಿದೆ. ಕಾಲ ರಾಜೇಂದ್ರಚೋಳನದು. ಪೆರ್ಮಾಡಿ ಗಾವುಂಡನ ಮಗನಾದ ರಾಜರಾಜವೇಳಾನನು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ ತೂಬುಗಳನ್ನು ಮಾಡಿಸಿದ್ದನ್ನೂ ಕ್ಷೇತ್ರಪಾಲ, ಗಣಪತಿ, ದುರ್ಗೆಯರನ್ನು ಪ್ರತಿಷ್ಠೆ ಮಾಡಿಸಿದ್ದನ್ನೂ ಅದು ತಿಳಿಸುತ್ತದೆ. ತಂದೆಯ ಹೆಸರು ಕನ್ನಡದ ಗಾವುಂಡನದು, ಮಗನ ಹೆಸರು ಚೋಳ ಪದವಿಯ ಮಾದರಿಯದು. ಇದೊಂದೇ ಜೋಡಿಯ ಮೇಲೆ, ಚೋಳರ ಆಳ್ವಿಕೆಯಲ್ಲಿ ಸ್ಥಳೀಯ ಒಕ್ಕಲಿನ ಮುಖಂಡರು ಹೆಸರುಗಳನ್ನು ಹೇಗೆ ಬದಲಾಯಿಸಿಕೊಂಡರೆಂಬ ಒಳ್ಳೆಯ ಪ್ರಬಂಧವನ್ನು ಬರೆಯಬಹುದು. ಆದರೆ ಅದಕ್ಕೂ ಹತ್ತಿರದ ಪ್ರಶ್ನೆಯೊಂದಿದೆ: 1043ರ ಕೆರೆ ಯಾವುದು? ಪಟ್ಟಂದೂರು ಅಗ್ರಹಾರ ಈಗಲೂ ಇದೆ. ತೊಂಬತ್ತರ ದಶಕದಲ್ಲಿ ಸಿಂಗಪುರದ ಸಹಭಾಗಿತ್ವದಲ್ಲಿ ಎದ್ದ ಅಂತರರಾಷ್ಟ್ರೀಯ ಟೆಕ್ ಪಾರ್ಕು ಆ ಗ್ರಾಮದ ಎಲ್ಲೆಯಲ್ಲಿಯೇ ಇದೆ. ಅಲ್ಲಿಯ ಕೆರೆಯ ಸರ್ವೆ ನಂಬರು, ಆಕಾರಬಂದಿನಲ್ಲಿ ದಾಖಲಾದ ವಿಸ್ತೀರ್ಣ, ಅಚ್ಚುಕಟ್ಟು, ಏರಿಯ ದಿಕ್ಕು, ತೂಬಿನ ಕಲ್ಲುಗಳ ಕೆಲಸ, ಶಾಸನ ನಿಂತ ಸ್ಥಳಕ್ಕೂ ಕೆರೆಗೂ ಇರುವ ದೂರ ಇವೆಲ್ಲವನ್ನೂ ಅಳೆದು, ಶಾಸನೋಕ್ತವಾದ ಕೆರೆ ಇದೇ ಎಂದಾಗಲಿ ಅಲ್ಲವೆಂದಾಗಲಿ ತೀರ್ಮಾನಿಸುವುದು ಒಬ್ಬ ವಿದ್ಯಾರ್ಥಿಯಿಂದ ಒಂದು ವರ್ಷದಲ್ಲಿ ಆಗತಕ್ಕ ಕೆಲಸ. ಕೆರೆಗಳ ಒತ್ತುವರಿಯ ವ್ಯಾಜ್ಯಗಳು ನ್ಯಾಯಾಲಯಗಳ ಮುಂದಿರುವ ಈ ದಿನಗಳಲ್ಲಿ ಇಂಥ ಪ್ರಬಂಧವನ್ನು ಪರೀಕ್ಷಕರಲ್ಲದೆ ಬೇರೆಯವರೂ ಓದುತ್ತಾರೆಂಬುದನ್ನು ನೆನಪಿಡಬೇಕು. ತಪ್ಪಿಗೆ ಅಲ್ಲಿ ಬೆಲೆ ಹೆಚ್ಚು.

ನಗರದ ಹೊಸ ಉದ್ಯಮಗಳ ಎರಡು ದೊಡ್ಡ ನೆಲೆಗಳೂ ‘ಅಗ್ರಹಾರ’ವೆಂಬ ಹೆಸರಿನ ಗ್ರಾಮಗಳಲ್ಲಿ ಇರುವುದು ಓದುಗರ ಗಮನಕ್ಕೆ ಬಂದಿರಬಹುದು. ಇದರಿಂದ ಕೂಡಲೇ ದೊಡ್ಡ ಸಿದ್ಧಾಂತವನ್ನು ಕಟ್ಟಲು ಹೊರಡುವುದು ಆಟದ ಮಾತು. ಆದರೆ ದತ್ತಿಯ ಭೂಮಿ ಇನಾಮಾಗಿ, 1954–55ರ ಇನಾಮು ರದ್ದಿಯಾತಿಯ ಕಾನೂನುಗಳಿಂದ ರೈತರ ಖಾತೆಗೆ ಬಂದು, 1974ರ ಭೂಸುಧಾರಣೆಯ ತಿದ್ದುಪಡಿಯನ್ನು ದಾಟಿ, 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28ನೆಯ ಪ್ರಕರಣದ ಅಧಿಸೂಚನೆಯಲ್ಲಿ ಸರ್ವೆ ನಂಬರಾಗಿ ಕೊನೆಗೊಳ್ಳುವ ಬಗೆಯನ್ನು ಒಂದೇ ಒಂದು ಗ್ರಾಮದಲ್ಲಿ, ಹತ್ತಿಪ್ಪತ್ತು ಸರ್ವೆ ನಂಬರುಗಳಲ್ಲಿ ಅನುಸರಿಸಿ ನೋಡಬಹುದು. ತಾಲ್ಲೂಕು ಕಚೇರಿಯ ಹಳೆಯ ಪಹಣಿ, ಕೈಬರಹದ ಮ್ಯುಟೇಷನ್ ರಿಜಿಸ್ಟರು, ರಾಜ್ಯಪತ್ರದ ಸಂಚಿಕೆಗಳು ಇದಕ್ಕೆ ಮೂಲ. ಧೂಳಿನ ಕೆಲಸವೆಂಬುದು ನಿಜ. ಕಚೇರಿಗೆ ನಾಲ್ಕು ಸಲ ಅಲೆದು ಬರಿಗೈಯಲ್ಲಿ ಬಂದು ಐದನೆಯ ಸಲ ದಾಖಲೆ ಸಿಕ್ಕ ವಿದ್ಯಾರ್ಥಿಗೆ ಮಾತ್ರ ದಾಖಲೆಯೆಂದರೇನೆಂದು ಗೊತ್ತಾಗುವುದೂ ಅಷ್ಟೇ ನಿಜ.

ವೈಟ್‌ಫೀಲ್ಡ್ ಊರಿನ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದ ಮುಂದಾಳಾಗಿದ್ದ ಡಿ.ಎಸ್. ವೈಟರ ಹೆಸರನ್ನು ಹೊತ್ತ ಈ ನೆಲೆ, ಮಹಾರಾಜ ಚಾಮರಾಜೇಂದ್ರ ಒಡೆಯರು 1882ರಲ್ಲಿ ಕೊಟ್ಟ ಸುಮಾರು 3,900 ಎಕರೆ ಭೂಮಿಯ ಮೇಲೆ ಬೆಳೆಯಿತು. ಈ ಊರನ್ನು ಕುರಿತ ಬರಹಗಳಲ್ಲಿ ವಿನ್‌ಸ್ಟನ್ ಚರ್ಚಿಲ್ಲನು ಇಲ್ಲಿಯ ವೇವರ್ಲಿ ಇನ್ ಎಂಬ ತಂಗುಮನೆಗೆ ಬಂದು ಅದರ ಒಡೆಯನ ಮಗಳಲ್ಲಿ ಅನುರಕ್ತನಾಗಿದ್ದನೆಂಬ ಕಥೆ ತಪ್ಪದೆ ಬರುತ್ತದೆ. ಚರ್ಚಿಲ್ಲನು 1896ರಿಂದ ಕೆಲವು ವರ್ಷ ಬೆಂಗಳೂರಿನ ದಂಡಿನಲ್ಲಿದ್ದದ್ದು ನಿಜ. ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಕೊಂಡದ್ದೂ ನಿಜ. 1899ರ ಕ್ಲಬ್ಬಿನ ದಫ್ತರದಲ್ಲಿ ಬಾಕಿದಾರರ ಸಾಲಿನಲ್ಲಿ ಅವನ ಹೆಸರಿದೆ. ಸಾಲಕ್ಕೆ ದಫ್ತರದ ಸಾಕ್ಷಿ. ಪ್ರಣಯಕ್ಕೆ ಬಾಯಿಂದ ಬಾಯಿಗೆ ಬಂದ ಮಾತಿನ ಸಾಕ್ಷಿ. ಎರಡನ್ನೂ ಒಂದೇ ಪ್ಯಾರಾದಲ್ಲಿ ಒಂದೇ ಧ್ವನಿಯಲ್ಲಿ ಬರೆದಾಗ ಓದುಗನಿಗೆ ವ್ಯತ್ಯಾಸ ಮರೆಯಾಗುತ್ತದೆ. ಆ ಕಥೆ ಅಚ್ಚಿನಲ್ಲಿ ಮೊದಲು ಯಾವಾಗ, ಯಾರ ಬರಹದಲ್ಲಿ ಬಂತೆಂಬುದನ್ನು ಹಿಂದಕ್ಕೆ ಹಿಂದಕ್ಕೆ ಹೋಗಿ ಗೊತ್ತುಮಾಡಿದ ವಿದ್ಯಾರ್ಥಿ, ಪ್ರಣಯ ನಡೆಯಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸದಿದ್ದರೂ, ಸ್ವಂತ ಸಂಶೋಧನೆ ಮಾಡಿದಂತೆಯೇ ಸರಿ.

ಪೀಣ್ಯದ ವಿಷಯ ಬೇರೆ. ಅಲ್ಲಿ ಕಲ್ಲು ಕಡಮೆ, ಕಬ್ಬಿಣ ಹೆಚ್ಚು. ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಇವು ನಗರದಲ್ಲಿ ಬೇರೂರಿದ ಮೇಲೆ, ಅವುಗಳಿಗೆ ಬಿಡಿಭಾಗಗಳನ್ನು ಒದಗಿಸುವ ಸಣ್ಣ ಕಾರ್ಖಾನೆಗಳು ಬೆಳೆದು, ಎಪ್ಪತ್ತರ ದಶಕದಿಂದ ಪೀಣ್ಯ ಅವುಗಳ ದೊಡ್ಡ ನೆಲೆಯಾಯಿತು. ಆ ಮೊದಲ ತಲೆಮಾರಿನ ಟರ್ನರು, ಫಿಟ್ಟರು, ಶೆಡ್ಡಿನ ಒಡೆಯರು ಈಗ ವೃದ್ಧರು. ಒಂದು ರಸ್ತೆಯ ಇಪ್ಪತ್ತು ಶೆಡ್ಡುಗಳನ್ನು ಮೊದಲು ಹಿಡಿದವರು ಯಾರು, ಅವರಲ್ಲಿ ಸರ್ಕಾರಿ ಕಾರ್ಖಾನೆಗಳಲ್ಲಿ ಕೆಲಸ ಕಲಿತವರೆಷ್ಟು ಮಂದಿ, ಮೊದಲ ಲೇತಿಗೆ ಹಣ ಎಲ್ಲಿಂದ ಬಂತು ಎಂಬುದನ್ನು ಕೇಳಿ ಬರೆದುಕೊಂಡು, ಹಂಚಿಕೆಯ ಪತ್ರಗಳೊಡನೆ ತಾಳೆ ನೋಡಿದರೆ ಪ್ರಬಂಧವಾಯಿತು. ಹತ್ತು ವರ್ಷ ತಡಮಾಡಿದರೆ ಕೇಳಲು ಯಾರೂ ಉಳಿದಿರುವುದಿಲ್ಲ. ಪ್ರಾಸಂಗಿಕವಾಗಿ ಒಂದು ಮಾತು: ಐ.ಟಿ.ಐ. ತರಬೇತಿಯ ಫಿಟ್ಟರ್ ಹುಡುಗನಿಗೆ ಪರೀಕ್ಷೆಯಲ್ಲಿ ಒಂದು ಕಬ್ಬಿಣದ ತುಂಡನ್ನು ಕೊಟ್ಟು, ಅರದಿಂದ ಉಜ್ಜಿ ಹೇಳಿದ ಅಳತೆಗೆ ತಂದು ಇನ್ನೊಂದು ತುಂಡಿನೊಳಗೆ ಕೂರಿಸುವಂತೆ ಹೇಳುತ್ತಾರೆ. ಅವನು ಹೊಸ ಯಂತ್ರವನ್ನು ಕಂಡುಹಿಡಿಯಬೇಕಾಗಿಲ್ಲ. ಆದರೆ ಆ ತುಂಡನ್ನು ಅಂಗಡಿಯಿಂದ ಕೊಂಡು ತರುವಂತೆಯೂ ಇಲ್ಲ. ಪರೀಕ್ಷಕ ವರ್ನಿಯರ್ ಹಿಡಿದು ಅಳೆಯುತ್ತಾನೆ.

ನಮ್ಮ ಪರೀಕ್ಷಕರ ಕೈಯಲ್ಲಿರುವ ವರ್ನಿಯರ್ ಯಾವುದು? ಮೌಖಿಕ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ವಿಷಯದ ಮಹತ್ತ್ವವನ್ನು ಕೇಳುತ್ತಾರೆ. ವಿದ್ಯಾರ್ಥಿ ಪೀಠಿಕೆಯನ್ನು ಬಾಯಿಪಾಠ ಒಪ್ಪಿಸುತ್ತಾನೆ. ಅದಕ್ಕೆ ಬದಲಾಗಿ ಯಾವುದಾದರೂ ಒಂದು ಅಡಿಟಿಪ್ಪಣಿಯನ್ನು ತೋರಿಸಿ, ‘ಈ ಕಲ್ಲು ಈಗ ಎಲ್ಲಿದೆ? ನೀವು ನೋಡಿದಾಗ ಮೂರನೆಯ ಸಾಲು ಓದಲು ಬರುತ್ತಿತ್ತೆ? ಮುದ್ರಿತ ಪಾಠಕ್ಕೂ ಕಲ್ಲಿಗೂ ವ್ಯತ್ಯಾಸ ಕಂಡಿತೆ?’ ಎಂದು ಕೇಳಿದರೆ ಐದು ನಿಮಿಷದಲ್ಲಿ ವಿಷಯ ತಿಳಿಯುತ್ತದೆ. 1905ರ ಸಂಪುಟದಲ್ಲಿ ಅಚ್ಚಾದ ಕಲ್ಲುಗಳಲ್ಲಿ ಎಷ್ಟೋ ಇಂದು ಸ್ಥಳದಲ್ಲಿಲ್ಲ. ಕೆಲವು ಅಡಿಪಾಯಕ್ಕೆ ಹೋಗಿವೆ, ಕೆಲವು ರಸ್ತೆಯ ಕೆಳಗೆ ಹೂತಿವೆ. ಹೆಬ್ಬಾಳದಲ್ಲಿ ಕಿತ್ತಯ್ಯನ ಹೆಸರಿನ, ಸುಮಾರು ಕ್ರಿ.ಶ. 750ರ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂತು. ನಗರದಲ್ಲಿ ಇದುವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಎಣಿಸಲಾಗಿದೆ. ಅದನ್ನು ಗುರುತಿಸಿ ಉಳಿಸಿದವರು ಬೇರೆ ಬೇರೆ ಉದ್ಯೋಗಗಳಲ್ಲಿರುವ ನಾಗರಿಕರು, ಇತಿಹಾಸ ವಿಭಾಗಗಳಲ್ಲ. ಈಚೆಗೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳ ಮೂರು ಆಯಾಮದ ಗಣಕಪ್ರತಿಗಳನ್ನು ಮಾಡಿಸುತ್ತಿದ್ದಾರೆ. ಕಲ್ಲಿನ ಬಳಿಗೆ ಹೋಗುವ ಕೆಲಸವನ್ನು ಅವರು ನಮಗಾಗಿ ಅರ್ಧ ಮಾಡಿಕೊಟ್ಟಿದ್ದಾರೆ; ಉಳಿದರ್ಧವಾದ ಓದು ಮತ್ತು ವಿಮರ್ಶೆಯನ್ನಾದರೂ ನಮ್ಮ ವಿದ್ಯಾರ್ಥಿಗಳು ಮಾಡಬಹುದು.

ವಿಭಾಗಗಳು ಇಷ್ಟನ್ನು ಈ ವರ್ಷದಿಂದಲೇ ಜಾರಿಗೆ ತರಲು ಅಡ್ಡಿಯಿಲ್ಲ. ಪ್ರಬಂಧದ ಪುಟಗಳಿಗೆ ಕನಿಷ್ಠ ಮಿತಿಯನ್ನು ತೆಗೆದು ಗರಿಷ್ಠ ಮಿತಿಯನ್ನಷ್ಟೇ ಇಡಬಹುದು. ಸಂದರ್ಶನಗಳ ಪೂರ್ಣ ಪ್ರತಿ, ಶಾಸನಗಳ ಛಾಯಾಚಿತ್ರ, ಕಲ್ಲಿರುವ ಸ್ಥಳದ ಸರ್ವೆ ನಂಬರು, ನೋಡಿದ ದಿನಾಂಕ, ಹುಡುಕಿಯೂ ಸಿಗದ ದಾಖಲೆಗಳ ಪಟ್ಟಿ ಇವನ್ನು ಅನುಬಂಧವಾಗಿ ಕಡ್ಡಾಯ ಮಾಡಿ, ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಪಾಲನ್ನು ಅದಕ್ಕೇ ಮೀಸಲಿಡಬಹುದು. ಪ್ರಬಂಧದ ಒಂದು ಪ್ರತಿ ವಿಭಾಗದ ಬೀರುವಿಗೆ ಹೋಗುವ ಬದಲು, ಆ ಶಾಸನ ಅಥವಾ ಕೆರೆ ಯಾವ ತಾಲ್ಲೂಕಿನದೋ ಅಲ್ಲಿಯ ಸರ್ಕಾರಿ ಕಾಲೇಜಿನ ಗ್ರಂಥಾಲಯಕ್ಕೆ ಹೋಗಲಿ. ಇನ್ನೊಂದು ರಾಜ್ಯ ಪತ್ರಾಗಾರಕ್ಕೆ ಹೋಗಲಿ. ಮುಂದಿನ ವರ್ಷ ತೋಗೂರಿನ ಮೇಲೆ ಬರೆಯಲು ಹೊರಡುವ ವಿದ್ಯಾರ್ಥಿಗೆ ಹಿಂದಿನವನು ಎಲ್ಲಿಯವರೆಗೆ ನಡೆದಿದ್ದನೆಂಬುದು ಅಲ್ಲಿ ದೊರೆಯುತ್ತದೆ.